ಬಿಟ್ಟುಕೊಡದ ಕಟ್ಟೆ

ಕಣಿವೆಯಲ್ಲಿ ಮಳೆ ನಿಂತು, ರಾಗಿ ತೆನೆಗೆ ಹಾಲು ಕಟ್ಟುವ ಕಾಲ. ಒಂದು ಬುಧವಾರ ಬೆಳಿಗ್ಗೆ, ಆಡು ಬಿಡುವ ಹೊತ್ತಿಗೆ, ಬೆಟ್ಟದ ಹೊಳೆಯಿಂದ ಬರುವ ಕುಲದ ಕಾಲುವೆ ಒಮ್ಮೆಲೇ ಬತ್ತಿತು. ಹಿಂದಿನ ದಿನ ಬೆಟ್ಟದ ನೆತ್ತಿಯಲ್ಲಿ ಗುಡುಗಿದ್ದನ್ನು ಎಲ್ಲರೂ ಕೇಳಿದ್ದರು. ಎಂಟು ದಿನದೊಳಗೆ ನೀರು ಬರದಿದ್ದರೆ ನಲವತ್ತು ಮನೆಯ ರಾಗಿ ಜೊಳ್ಳು.

ಮೂವರು ಹೊರಟರು. ಕಾಲುವೆಯ ಹಿರಿಯ ಯಾನೋ, ಅವನ ತಂಗಿಯ ಮಗ ಸುಟೇರ್, ಮರ ಕೊರೆಯುವ ಕಿಸಾಂಗ್. ಕೆರಿಯೋ ಕಣಿವೆಯ ಜಾಲಿಮರ, ಬಿಸಿ ಕಲ್ಲು ಹಿಂದೆ ಬಿದ್ದವು. ಮಧ್ಯದ ಮೆಟ್ಟಿಲುಹೊಲಗಳಲ್ಲಿ ಹೆಂಗಸರು ಜೋಳಕ್ಕೆ ಮಣ್ಣು ಏರಿಸುತ್ತಿದ್ದರು. ಅದರ ಮೇಲೆ ಬಿದಿರು, ಮಂಜು, ಆಲೂಗಡ್ಡೆಯ ಕಪ್ಪುಮಣ್ಣು, ಹಲ್ಲು ಕಡಿಯುವ ಚಳಿ. ಸೋರೆಬುರುಡೆಯ ಹುಳಿಹಾಲು ಕುಡಿಯುತ್ತಾ, ಹೊಳೆಯ ಕಟ್ಟೆಯ ಹತ್ತಿರ ಕಾಲುವೆಯ ಬಾಯಿಗೆ ಕೊಂಬೆ ಸಿಕ್ಕಿಕೊಂಡಿರಬೇಕು, ಒಂದು ದಿನದ ಕೆಲಸ ಎಂದು ಯಾನೋ ಹೇಳುತ್ತಲೇ ಇದ್ದ.

ಹೊಳೆಯ ತಿರುವು ದಾಟಿದವನು ನಿಂತುಬಿಟ್ಟ.

ಕಟ್ಟೆ ಇತ್ತು. ಕಾಲುವೆ ಇರಲಿಲ್ಲ.

ಬಂಡೆಗೆ ಅಂಟಿಕೊಂಡಿದ್ದ ನಾಲ್ಕು ಮಾರು ಕಾಲುವೆ ಪ್ರಪಾತಕ್ಕೆ ಹೋಗಿತ್ತು. ಅಜ್ಜಂದಿರ ಕಟ್ಟೆ ಕೊಂಬೆ, ಹುಲ್ಲು, ಕಲ್ಲಿನದು. ಪ್ರವಾಹ ಬಂದರೆ ತಾನೇ ಕಿತ್ತುಹೋಗಿ ಹೊಳೆಗೆ ದಾರಿ ಬಿಡುತ್ತಿತ್ತು. ವರ್ಷವರ್ಷ ಕಟ್ಟಿ ಬೇಸತ್ತ ಯಾನೋ ಹೋದ ಬೇಸಿಗೆಯಲ್ಲಿ ಹಠ ಹಿಡಿದು ನಾಲ್ಕು ಮೂಟೆ ಸಿಮೆಂಟು ಹೊರಿಸಿ ತಂದು ಕಟ್ಟಿಸಿದ್ದ. ಸಿಮೆಂಟು ದಾರಿ ಬಿಡಲಿಲ್ಲ. ಹೊಳೆಗೆ ಹೊಳೆಯೇ ಕಾಲುವೆಗೆ ನುಗ್ಗಿತ್ತು.

ಕಿಸಾಂಗ್ ಯಾನೋನತ್ತ ನೋಡದೆ, "ಗಟ್ಟಿಯಾಗೇ ಕಟ್ಸಿದೀಯ ಬಿಡು" ಎಂದು ಕೊಡಲಿ ತೆಗೆದ.

ಕುಸಿದ ಜಾಗದ ಮೇಲೆ ನೀರು ದಾಟಿಸಲು ಎರಡು ದಿನ ಹಿಡಿದು ಎರಡು ಮರ ಕಡಿದರು, ದೋಣಿಯಂತೆ ಕೊರೆದರು, ಹಗ್ಗ ಕಟ್ಟಿ ಎಳೆದು ತಂದರು. ಎರಡೂ ಮರ ಸೇರುವಲ್ಲಿ ಆಸರೆಗೆ ಕವೆಗಂಬ ಊರಲು ಸುಟೇರ್ ಬಂಡೆಯ ಮುಖಕ್ಕೆ ಇಳಿಯಬೇಕಾಯಿತು.

ಹಗ್ಗ ಯಾನೋನ ಕೈಯಲ್ಲಿತ್ತು.

ಕಂಬ ಊರಿಯಾಗುತ್ತಿದ್ದಂತೆ ಕಾಲಡಿಯ ಕಲ್ಲು ಕಳಚಿತು. ಸುಟೇರ್ ಕಣ್ಮರೆಯಾದ. ಹಗ್ಗ ಅಂಗೈಯ ಚರ್ಮ ಸುಲಿದುಕೊಂಡು ಓಡಿತು. ಯಾನೋ ಬೇರಿಗೆ ಕಾಲು ಕೊಟ್ಟು ಹಿಂದಕ್ಕೆ ಬಿದ್ದ. ಹಗ್ಗ ನಿಂತಿತು.

ಆಮೇಲೆ ಕೆಳಗಿನಿಂದ ಸುಟೇರನ ದನಿ: "ಮಾವ, ಬಿಡ್ಬೇಡ. ನಿನ್ನ ಸಿಮೆಂಟಿನ ಥರ ಹಿಡ್ಕೋ."

ಕಿಸಾಂಗ್ ಓಡಿಬಂದು ಹಗ್ಗಕ್ಕೆ ಕೈಹಾಕಿದ. ಸುಟೇರ್ ಮೇಲೆ ಬಂದಾಗ ಅವನ ಮೊಣಕಾಲು ಒಡೆದಿತ್ತು, ಕಂಬ ಮಾತ್ರ ನೆಟ್ಟಗೆ ನಿಂತಿತ್ತು.

ಶನಿವಾರ ಸಂಜೆ, ಮರ ಕೂರಿಸಿ ನೀರು ಬಿಟ್ಟು, ಮೂವರೂ ನೀರಿನ ಜೊತೆಯಲ್ಲೇ ಇಳಿದರು. ಮೊದಲ ಹೊಲದ ಬಿರುಕು ನೀರು ಕುಡಿಯುವುದನ್ನು ಜನ ನಿಂತು ನೋಡಿದರು.

ಭಾನುವಾರ ಗಂಡಸರೆಲ್ಲ ಮರದಡಿ ಸೇರಿದರು. ಪ್ರವಾಹವನ್ನು ಬೈದರು, ಕೊರೆದ ಮರವನ್ನು ಹೊಗಳಿದರು. ಸುಟೇರನಾಗಲಿ ಕಿಸಾಂಗನಾಗಲಿ ಸಿಮೆಂಟಿನ ಮಾತೆತ್ತಲಿಲ್ಲ. ಯಾನೋನೇ ಎದ್ದು ನಿಂತ.

"ಹೊಳೆದೇನೂ ತಪ್ಪಿಲ್ಲ. ಅದರ ದಾರಿಗೆ ಅಡ್ಡ ಕಟ್ಟಿದೋನು ನಾನು. ಕಟ್ಟೆ ಹಂಗೇ ಇದ್ರೆ ಮುಂದಿನ ಮಳೆಗೆ ಈ ಮರಾನೂ ಹೋಗುತ್ತೆ. ಒಡೀಬೇಕು."

ಒಬ್ಬ ಮುದುಕ, ಒಡೆದ ಮೇಲೆ ವರ್ಷವರ್ಷ ಕೊಂಬೆ ಯಾರು ಹೊರುತ್ತಾರೆ ಎಂದು ಕೇಳಿದ. ಹೊಲಕ್ಕೆ ನೀರು ಬಿಡುವ ಸರದಿಯ ಪ್ರಕಾರ ಎಲ್ಲರೂ, ಮೊದಲಿನಂತೆ, ಎಂದು ತೀರ್ಮಾನವಾಯಿತು.

ಸೋಮವಾರ ಬೆಳಿಗ್ಗೆ ಯಾನೋ ಹಾರೆ ಹೆಗಲಿಗೇರಿಸಿ, ಅಂಗೈಗೆ ಬಟ್ಟೆ ಸುತ್ತಿಕೊಂಡು, ಬೆಟ್ಟಕ್ಕೆ ಹೊರಟ. ಸುಟೇರ್ ಕುಂಟುತ್ತಾ ಹಿಂದೆ ಹೋದ.