ತವಾದ ಮೇಲೆ ಬಾಗದ ರೊಟ್ಟಿ

ಮೊಬೈಲಿನಲ್ಲಿ ಲಿಂಕ್ ಒತ್ತಿ ಸಾಮಾನು ತರಿಸುವವರು ಇದನ್ನು ಕೇಳಲೇಬೇಕು, ನಡುವೆ ಎದ್ದು ಹೋಗಬೇಡಿ!

ಸುರಪುರದ ನಮ್ಮ ಓಣಿಯಲ್ಲಿ ಗುರುದೇವಿ ಮೇಡಂ ಇದ್ದಾರೆ, ನಿವೃತ್ತ ಸಬ್ ಇನ್‌ಸ್ಪೆಕ್ಟರ್. ಅವರ ಮನೆಯ ಮೇಲಿನ ಕೋಣೆಯ ಬಾಡಿಗೆದಾರ ನಾನು. ಯಾವ ಕೇಸು ಬಂದರೂ ಅವರ ಬೆನ್ನಿಗೆ ನಾನೇ. ಅವತ್ತು ಬೆಳಿಗ್ಗೆ ಪವಿತ್ರಾ ಅಳುತ್ತಾ ಬಂದಳು. ಆಕೆ ಮನೆಯಲ್ಲೇ ಕೂತು ಅಡುಗೆ ಸಾಮಾನಿನ ವಿಡಿಯೋ ಮಾಡುತ್ತಾಳೆ. ಆಕೆಯ ಲಿಂಕಿನಿಂದ ಯಾರಾದರೂ ಕೊಂಡರೆ ಆಕೆಗೆ ಕಮಿಷನ್. ಅದನ್ನು ಪ್ರತಿ ವಿಡಿಯೋದಲ್ಲೂ ಬಾಯಿಬಿಟ್ಟು ಹೇಳುತ್ತಾಳೆ. ತಾನು ಬಳಸದ್ದನ್ನು ತೋರಿಸುವುದಿಲ್ಲ.

"ಮೇಡಂ, ನಾ ಕೊಡೇಕಲ್‌ಗೆ ತವರಿಗೆ ಹೋದಾಗ ನನ್ನ ಚಾನೆಲ್‌ನಾಗ ಯಾರೋ ಸುಳ್ಳು ವಿಡಿಯೋ ಹಾಕ್ಯಾರ್ರಿ. ಈ ತವಾದ ಮ್ಯಾಲ ದಿನಾ ರೊಟ್ಟಿ ಮಾಡ್ತೀನಿ ಅಂತ ಬರದಾರ. ಆ ತವಾ ನಾ ಕಣ್ಣಿಲೆ ನೋಡಿಲ್ರಿ! ನಮ್ಮ ಓಣಿ ಹಜರಾಬೀ ಚಾಚಿ ನನ್ನ ನಂಬಿ ತರಿಸಿದ್ರು. ಹಿಡಿಕಿ ಕಳಚಿ ಕಾದ ತವಾ ಬಿದ್ದು ಅವರ ಕಾಲು ಸುಟ್ಟದ."

"ಪಾಸ್‌ವರ್ಡ್ ಯಾರ ಹತ್ರ ಅದ?"

"ಎಡಿಟಿಂಗ್ ಮಾಡೂ ಅಂಜುಮ್, ಕಮಿಷನ್ ಲೆಕ್ಕ ನೋಡೂ ನಮ್ಮ ಮೈದುನ ಮೌನೇಶ. ಮಂದಿ ಅಂಜುಮ್ ಮ್ಯಾಲ ಬೊಟ್ಟು ಮಾಡಾಕತ್ತಾರ. ನನ್ನ ಮ್ಯಾಲಿನ ನಂಬಿಕಿ ಹೋದ್ರ ಕೆಲಸಾನೂ ಹೋತ್ರಿ."

ಮೇಡಂ ವಿಡಿಯೋ ಹಾಕಿಸಿದರು. ಮಾತಿಲ್ಲ, ಬರೀ ಹಾಡು. ತವಾಕ್ಕಿಂತ ದೊಡ್ಡ ರೊಟ್ಟಿ, ತವಾದ ಅಂಚುಗಳ ಮೇಲೆ ತಟ್ಟೆಯಂತೆ ಕೂತಿತ್ತು. ಒದ್ದೆ ಬಟ್ಟೆ ಹಿಡಿದ ಬೆರಳುಗಳು ಅದರ ಮೇಲೆ ನೀರು ಸವರುತ್ತಿದ್ದವು.

"ಚೇತನ, ಏನ್ ಕಂಡಿ?" ಅಂತ ನನ್ನನ್ನು ಕೇಳಿದರು.

"ರೊಟ್ಟಿ ಕಂಡೆ ಮೇಡಂ. ಹಸಿವಾತು."

"ಹೊಟ್ಟಿ ಬಿಟ್ಟು ಕಣ್ಣಿಲೆ ನೋಡೋ!"

ಸಂಜೆ ಎಲ್ಲರನ್ನೂ ಪವಿತ್ರಾಳ ಅಡುಗೆಮನೆಗೆ ಸೇರಿಸಿದರು. ಹಜರಾಬೀ ಪಟ್ಟಿ ಕಟ್ಟಿದ ಕಾಲು ಚಾಚಿ ಕೂತಿದ್ದರು. ಮೇಡಂ ನಾದಿದ ಜೋಳದ ಹಿಟ್ಟು ಮುಂದಿಟ್ಟು, "ಮೂವರೂ ಒಂದೊಂದು ರೊಟ್ಟಿ ಬಡೀರಿ" ಅಂದರು.

ಅಂಜುಮ್ ಬಳೆ ಹಿಂದೆ ಸರಿಸಿ ತಪತಪ ಬಡಿದು ಎತ್ತಿದಳು. ಹಸಿ ರೊಟ್ಟಿ ಅಂಗೈಯಿಂದ ಜೋತುಬಿತ್ತು. ಪವಿತ್ರಾಳದೂ ಹಾಗೇ. ಮೌನೇಶ ಹಲ್ಲು ಕಿರಿದ. "ನಂಗ ತಿನ್ನಾಕಷ್ಟ ಬರ್ತದ್ರಿ."

"ಅದಕ್ಕಾ ನೀ ಸಿಕ್ಕಿಬಿದ್ದಿ" ಅಂದರು ಮೇಡಂ. "ಹಸಿ ರೊಟ್ಟಿ ಹಿಂಗ ಬಾಗ್ತದ. ವಿಡಿಯೋದಾಗಿಂದು ಬಾಗೇ ಇಲ್ಲ. ಅದು ಅಂಗಡ್ಯಾಗ ಸಿಗೂ ಒಣಗಿಸಿದ ಖಡಕ್ ರೊಟ್ಟಿ. ಹಸೀದು ಕಾಣಲಿ ಅಂತ ನೀರು ಸವರ್ಯಾರ. ಇವರಿಬ್ರು ಅಂಗಡಿಗೆ ಹೋಗೂದ್ರಾಗ ನಾಕು ರೊಟ್ಟಿ ಬಡೀತಾರ. ಪಾಸ್‌ವರ್ಡ್ ಇದ್ದವರಾಗ ಅಂಗಡಿ ರೊಟ್ಟಿ ಬೇಕಾಗೂದು ಒಬ್ಬಗ."

ಮೌನೇಶ ತಲೆ ತಗ್ಗಿಸಿದ. "ಕಮಿಷನ್ ಜಾಸ್ತಿ ಇತ್ರಿ. ತವಾ ತರಿಸಿ, ವಿಡಿಯೋ ಮಾಡಿ ವಾಪಸ್ ಕಳಿಸಿದೆ. ಒಲಿ ಸುದ್ದಾ ಹಚ್ಚಿರಲಿಲ್ಲ. ಎಲ್ಲಾರೂ ಹಿಂಗಾ ಮಾಡ್ತಾರ."

"ಎಲ್ಲಾರ ಕಾಲೂ ಸುಟ್ಟಾವೇನೋ ಬೇಟಾ?" ಅಂದರು ಹಜರಾಬೀ.

"ವೈನಿ, ಶಹಾಪುರದಾಗ ನನ್ನ ಲಗ್ನದ ನಿಶ್ಚಯ ಅದ, ಸುದ್ದಿ ಹೋದ್ರ ಮುರೀತದ. ಹ್ಯಾಕ್ ಆಗಿತ್ತು ಅಂತ ಹೇಳಿಬಿಡ್ರಿ!"

ಪವಿತ್ರಾ ಅಂಜುಮ್‌ಳ ಮುಖ ನೋಡಿದಳು. "ಹಂಗಂದ್ರ ಮಂದಿ ಇಕೀನ ಮಾಡ್ಯಾಳ ಅಂತಾರ." ಫೋನ್ ಎತ್ತಿ ಲೈವ್ ಹಚ್ಚಿದಳು. "ತವಾದ ವಿಡಿಯೋ ಸುಳ್ಳು. ಯಾರೂ ಅದನ್ನ ಬಳಸಬ್ಯಾಡ್ರಿ. ಪಾಸ್‌ವರ್ಡ್ ಕೊಟ್ಟು, ಮುಂದೇನಾತು ನೋಡದ ಬಿಟ್ಟದ್ದು ನನ್ನ ತಪ್ಪು. ಅದರ ಕಮಿಷನ್ ಚಾಚಿ ಔಷಧಕ್ಕ. ಉಳಿದದ್ದು ಹೇಳಾವ ಇಲ್ಲೇ ಅದಾನ."

ಫೋನನ್ನು ಮೌನೇಶನ ಕೈಗಿಟ್ಟಳು. ಅವನು ಎಲ್ಲವನ್ನೂ ತಾನೇ ಹೇಳಿದ.

ಆ ಫೋನ್ ನಿಮ್ಮ ಕೈಗೆ ಬಂದಿದ್ದರೆ ನೀವೇನು ಹೇಳುತ್ತಿದ್ದಿರಿ?