ಕಿತ್ತಿಟ್ಟ ಸೆನ್ಸರ್

ಆ ಹಳೇ ವ್ಯಾನಿನ ಎಂಜಿನ್ ಶಾಖ ಅಳೆಯುವ ಸೆನ್ಸರನ್ನು ಮೂರು ಸಲ ಬದಲಾಯಿಸಿ ನನಗೆ ಸಾಕುಸಾಕಾಗಿತ್ತು. ಎಂಜಿನ್ ಕಾದಿರಲಿ, ತಣ್ಣಗಿರಲಿ, ಸ್ಕ್ಯಾನರಿನಲ್ಲಿ ಮೂವತ್ತೊಂಬತ್ತೇ ಡಿಗ್ರಿ ಸೆಲ್ಸಿಯಸ್, ಮನುಷ್ಯರಿಗಾದರೆ ನೂರೆರಡರ ಜ್ವರ. ಕೊನೆಗೆ ರೋಸಿಹೋಗಿ ಸೆನ್ಸರನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ವೈರು ಕಳಚಿದರೆ ಮೈನಸ್ ನಲವತ್ತು ತೋರಿಸಬೇಕು. ಆಗಲೂ ಮೂವತ್ತೊಂಬತ್ತೇ ಇತ್ತು. ಹಾಳಾಗಿ ಹೋಗಲಿ ಎಂದು ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೋದೆ.

ಮರುದಿನ ಮಧ್ಯಾಹ್ನ ಒಡತಿ ಬಂದರು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ವ್ಯಾನು ಅವರ ಪಾಲಿಗೆ ಬಂದಿತ್ತು. ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈ ಮಗುಚಿ ಬಾನೆಟ್ಟಿನ ಮೇಲಿಟ್ಟರು.

"ನಿನ್ನೆಗಿಂತ ಒಂಚೂರು ಇಳಿದಿದೆ ಅಲ್ವಾ, ಅಣ್ಣಾ?"

ನಾನೂ ಮುಟ್ಟಿ ನೋಡಿದೆ. ತಗಡು ತಣ್ಣಗೆ ಕೊರೆಯುತ್ತಿತ್ತು. ಸ್ಕ್ಯಾನರ್ ಹಚ್ಚಿದೆ. ಮೂವತ್ತೆಂಟು.

ಸೆನ್ಸರ್ ಇನ್ನೂ ನನ್ನ ಜೇಬಿನಲ್ಲೇ ಇತ್ತು. ನಿನ್ನೆ ಎಷ್ಟಿತ್ತೆಂದು ನಾನು ಅವರಿಗೆ ಹೇಳಿರಲೇ ಇಲ್ಲ.