ದೊಡ್ಡಹುಣಸೆಗೆ ಉಪಚಾರ

"ಸಾಕು, ನೀರು ಸಾಕು" ಎಂದು ಕುಂಡ ಮೆಲ್ಲಗೆ ಹೇಳಿತು.

"ಇಷ್ಟಕ್ಕ ಸಾಕಾತೇನು?" ಎನ್ನುತ್ತಾ ಕಸ್ತೂರವ್ವ ಇನ್ನೊಂದು ತಂಬಿಗೆ ಸುರಿದಳು.

ಕುಂಡಕ್ಕೆ ಚುಚ್ಚಿದ್ದ ಬೆರಳುದ್ದದ ಕಡ್ಡಿಯ ಹೆಸರು ಬೇರುನುಡಿ. ಬೇರಿನಲ್ಲಿ ಹರಿಯುವ ಅತಿಕ್ಷೀಣ ವಿದ್ಯುತ್ತನ್ನು ಅಳೆದು, ಗಿಡದ ದಾಹವನ್ನೂ ತೃಪ್ತಿಯನ್ನೂ ಅದು ಮನುಷ್ಯರ ಮಾತಿಗೆ ತಿರುಗಿಸುತ್ತಿತ್ತು. ಮಣ್ಣಿನ ಒದ್ದೆ ಆರುವವರೆಗೂ ತಾಸಿಗೊಮ್ಮೆ ಸಾಕು ಎನ್ನುತ್ತಿತ್ತು. ವಿಜಯಪುರದ ಬೇಸಿಗೆ ಐವತ್ತೆರಡು ಡಿಗ್ರಿ ಮುಟ್ಟಿ ಬೇವಿನ ಮರಗಳೂ ಒಣಗತೊಡಗಿದಾಗ, ಮನೆಮನೆಯಲ್ಲಿ ದೊಡ್ಡಹುಣಸೆಯ ಬೀಜ ಹಾಕಿಸುವ ಯೋಜನೆ ಬಂದಿತ್ತು. ಆಫ್ರಿಕದ ಮರ, ಕಾಂಡದಲ್ಲೇ ನೀರು ಕೂಡಿಟ್ಟುಕೊಂಡು ಬರ ತಡೆಯುವ ಗಟ್ಟಿ ಜೀವ. ಇಂಥದ್ದನ್ನು ಕೊಲ್ಲುವುದೇ ಕಷ್ಟ ಎಂದಿದ್ದರು ತಜ್ಞರು. ನಮ್ಮ ಜನ ಎರಡೇ ತಿಂಗಳಲ್ಲಿ ಸಾವಿರಾರು ಸಸಿ ಕೊಂದು ತೋರಿಸಿದರು.

ಕಸ್ತೂರವ್ವನ ಮನೆಯಲ್ಲೂ ಎರಡು ಹೋಗಿ ಒಂದು ಉಳಿದಿತ್ತು. ಮೂರೂ ಬೀಜಗಳನ್ನು ಗಂಡ ರಾಚಪ್ಪ ತಾನೇ ಕಲ್ಲಿಗೆ ಉಜ್ಜಿ, ಗಡಸು ಸಿಪ್ಪೆ ಸವೆಸಿ, ಬಿಸಿನೀರಲ್ಲಿ ನೆನೆಹಾಕಿ ಬಿತ್ತಿದ್ದ. ಮೊಳಕೆ ಕಂಡ ವಾರದಲ್ಲೇ ತೀರಿಕೊಂಡ. ಅವನ ಕೈಯ ಕೆಲಸವೆಂದು ಉಳಿದದ್ದು ಈ ಗೇಣುದ್ದದ ಸಸಿಯೊಂದೇ. ಇದೂ ಹೋದರೆ ಎಂಬ ಭಯ ಅವಳನ್ನು ತಿನ್ನುತ್ತಿತ್ತು.

ಬೇರುನುಡಿ ರೂಪಿಸಿದ ವಿಜ್ಞಾನಿ ಡಾ. ಫರ್ಹಾನಾ ಇನಾಮದಾರ ಕಾರಣ ಹುಡುಕುತ್ತಾ ಆ ಬೆಳಿಗ್ಗೆ ಬಂದಳು. ಸತ್ತ ಸಸಿಯನ್ನು ಕಿತ್ತು ನೋಡಿದರೆ ಬೇರೆಲ್ಲ ಕೊಳೆತು ಲೋಳೆಯಾಗಿತ್ತು.

"ಅಮ್ಮಾರ, ಇದು ನಲವತ್ತು ಸಲ ಸಾಕು ಅಂದೈತಿ. ಕೇಳ್ಸಿಲ್ಲೇನ್ರಿ?"

"ಕೇಳ್ಸೇತ್ರಿ. ನೀವು ಮೊದಲ ಅವಲಕ್ಕಿ ತಿನ್ರಿ."

ತಟ್ಟೆ ಅರ್ಧ ಖಾಲಿಯಾಗುವಷ್ಟರಲ್ಲಿ ಸೌಟು ಮತ್ತೆ ಬಂತು. "ಸಾಕ್ರಿ, ಸಾಕು" ಎಂದು ಫರ್ಹಾನಾ ಕೈ ಅಡ್ಡ ಹಿಡಿದಳು. ಬೆರಳ ಸಂದಿಯಿಂದಲೇ ಅವಲಕ್ಕಿ ತಟ್ಟೆಗೆ ಬಿತ್ತು. ಫರ್ಹಾನಾ ತಟ್ಟೆಯನ್ನೊಮ್ಮೆ, ಕುಂಡವನ್ನೊಮ್ಮೆ ನೋಡಿದಳು. ಪ್ರಯೋಗಾಲಯದಲ್ಲಿ ಯಾರೂ ಯಾರಿಗೂ ಒತ್ತಾಯ ಮಾಡಿ ಬಡಿಸುವುದಿಲ್ಲ. ಆರು ವರ್ಷ ಯಂತ್ರಕ್ಕೆ ಮಾತು ಕಲಿಸುತ್ತಾ ಕೂತವಳಿಗೆ ತಾನು ಹುಟ್ಟಿದ ನಾಡಿನ ಈ ಉಪಚಾರ ಒಮ್ಮೆಯೂ ನೆನಪಾಗಿರಲಿಲ್ಲ.

"ತಪ್ಪು ನಂದ ಐತ್ರಿ. ಸಾಕು ಅನ್ನೂದು ತಗದು, ಹಾಕಿದ್ರ ಸಾಯ್ತೀನಿ ಅನ್ನೂಹಂಗ ಮಾಡ್ತೀನಿ."

"ಸಾಕು ಅಂದದ್ದನ್ನ ನಾನೂ ಒಮ್ಮೆ ಕೇಳೀನ್ರಿ" ಎಂದಳು ಕಸ್ತೂರವ್ವ. ದನಿ ಇಳಿದಿತ್ತು. "ದವಾಖಾನ್ಯಾಗ ಇವ್ರು ಎರಡು ಚಮಚ ಗಂಜಿ ಕುಡುದು ಸಾಕು ಅಂದ್ರು. ಬಟ್ಟಲ ಕೆಳಗಿಟ್ಟುಬಿಟ್ಟೆ. ಮರುದಿನ ಹೋದ್ರು. ಇನ್ನೊಂದು ಚಮಚ ಹಾಕಿದ್ದರ ಉಳೀತಿದ್ರೇನೋ."

 ಫರ್ಹಾನಾ ತನಗೆ ಗೊತ್ತಿದ್ದದ್ದನ್ನೇ ಹೇಳಿದಳು: "ಬೇರು ಸಾಕು ಅಂದ್ರ ಖರೇನ ಸಾಕಾಗಿರ್ತೈತ್ರಿ. ಮತ್ತ ಹಾಕಿದ್ರ ಮಣ್ಣಾಗ ಗಾಳಿ ಇಲ್ದಂಗಾಗಿ ಉಸಿರು ಕಟ್ತೈತಿ. ಅದು ಸಂಕೋಚಕ್ಕ ಹೇಳೂದಲ್ರಿ."

ಕಸ್ತೂರವ್ವ ಸೌಟು ಕೆಳಗಿಟ್ಟಳು.

"ಹಂಗಾರ ಇವ್ರೂ ಸಂಕೋಚಕ್ಕ ಅಂದಿರಲಿಕ್ಕಿಲ್ಲೇನ್ರಿ?"

ಅದನ್ನು ಅಳೆಯುವ ಯಂತ್ರವನ್ನು ಯಾರೂ ಕಂಡುಹಿಡಿದಿರಲಿಲ್ಲ. ಫರ್ಹಾನಾ ಸಾಕು ಎಂಬ ಮಾತನ್ನು ಬದಲಿಸಲು ಕಡ್ಡಿಗೆ ಕೈ ಹಾಕಿದಳು.

"ಬ್ಯಾಡ್ರಿ. ಇದಕ್ಕ ಅದ ಮಾತು ಇರಲಿ."

ಸಸಿಯ ಬುಡ ಆಗಲೇ ಮೆತ್ತಗಾಗಿತ್ತು. ಉಳಿಯುವುದೆಂದು ಫರ್ಹಾನಾ ಮಾತು ಕೊಡಲಿಲ್ಲ. ಅವಳು ಹೋದ ಮೇಲೆ ಕಸ್ತೂರವ್ವ ತಂಬಿಗೆ ಮುಟ್ಟದೆ ಕುಂಡದ ಮುಂದೆ ಕೂತಳು. ಅದು ಸಾಕು ಎಂದಾಗಲೆಲ್ಲ, "ಹೂಂನ್ರಿ" ಎಂದು ಗಂಡನಿಗೆ ಓಗೊಡುವಂತೆಯೇ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು.